ಆರೈಕೆಯ ಸೇವೆಗೂ ಬೇಡಿಕೆ–ವಸೂಲಿ–ಬಾಕಿ ತಖ್ತೆ ಬೇಕು

ಬೀದರದಿಂದ ಔರಾದಿಗೆ ಹೋಗುವ ರಸ್ತೆಯಲ್ಲಿ ಮಾಂಜ್ರಾ ನದಿಯನ್ನು ದಾಟಿದ ಮೇಲೆ ಸಿಗುವ ದೊಡ್ಡ ಊರು ಸಂತಪುರ. ಇದು ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳ ರೈತರು ತೊಗರಿ, ಉದ್ದು, ಹೆಸರು, ಸೋಯಾ ಬೆಳೆದು, ಬೀಜ, ಗೊಬ್ಬರ, ಬಟ್ಟೆ, ಕಿರಾಣಿಗಾಗಿ ಇಲ್ಲಿಯ ಅಂಗಡಿಗಳನ್ನು ಅವಲಂಬಿಸಿದ್ದಾರೆ. ಇಂತಹ ಊರುಗಳಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವ್ಯಾಪಾರಿಗೆ ಒಂದು ದೃಶ್ಯ ಚೆನ್ನಾಗಿ ಪರಿಚಿತ. ಬ್ಯಾಂಕಿನ ಕಟ್ಟೆಯ ಮೇಲೆ ಕೋಲೂರಿ ಕುಳಿತ ಮುದುಕಿಯೊಬ್ಬಳು ಪಿಂಚಣಿ ಜಮೆಯಾಯಿತೇ ಎಂದು ವಿಚಾರಿಸುತ್ತಾಳೆ. ಜಮೆಯಾಗಿದ್ದರೆ ಆ ಹಣ ಅದೇ ದಿನ ಅಕ್ಕಿ, ಎಣ್ಣೆ, ಚಹಾಪುಡಿಯ ಹಳೆಯ ಉದ್ದರಿಗೆ ಸಂದಾಯವಾಗುತ್ತದೆ. ಆಕೆಯ ಮಗ ಹೈದರಾಬಾದಿನಲ್ಲಿಯೋ ಪುಣೆಯಲ್ಲಿಯೋ ದುಡಿಯುತ್ತಿರುತ್ತಾನೆ. ಮೂರು ತಿಂಗಳು ಆಕೆ ಅಂಗಡಿಗೆ ಬರಲಿಲ್ಲವೆಂದರೆ ಅದು ಮೊದಲು ಗೊತ್ತಾಗುವುದು ಯಾವ ಕಚೇರಿಗೂ ಅಲ್ಲ, ಉದ್ದರಿ ಪುಸ್ತಕವಿಟ್ಟ ವ್ಯಾಪಾರಿಗೆ.

ವೃದ್ಧರ ಮತ್ತು ವಿಕಲಚೇತನ ವಯಸ್ಕರ ಆರೈಕೆ ಎಂಬುದು ವಾಣಿಜ್ಯ ಮಂಡಳಿಯ ಪತ್ರಿಕೆಗೆ ಹೊರಗಿನ ವಿಷಯವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಇದು ಸ್ಥಳೀಯ ಸಂಸ್ಥೆಯ ತೆರಿಗೆ, ಆಯವ್ಯಯ ಮತ್ತು ಲೆಕ್ಕಪತ್ರಗಳಿಗೆ ನೇರವಾಗಿ ಸಂಬಂಧಿಸಿದ ವಿಷಯ. ತೆರಿಗೆ ಕಟ್ಟುವವರಿಗೆ ಆ ತೆರಿಗೆಯಿಂದ ಏನು ನಡೆಯುತ್ತಿದೆ ಎಂದು ಕೇಳುವ ಹಕ್ಕಿದೆ. ಕಟ್ಟದೆ ಉಳಿದವರಿಗೆ ತಮ್ಮ ಬಾಕಿಯಿಂದ ಯಾರಿಗೆ ನಷ್ಟವಾಗುತ್ತಿದೆ ಎಂದು ತಿಳಿದುಕೊಳ್ಳುವ ಹೊಣೆಯೂ ಇದೆ.

ಹೊಣೆ ಯಾರದು?

ವೃದ್ಧರ ಕಲ್ಯಾಣವೆಂದರೆ ತಹಸೀಲ್ದಾರ್ ಕಚೇರಿಯಿಂದ ಮಂಜೂರಾಗುವ ಪಿಂಚಣಿ ಎಂಬ ಭಾವನೆ ವ್ಯಾಪಕವಾಗಿದೆ. ಪಿಂಚಣಿಯ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. 1995ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಲ್ಲಿ ವೃದ್ಧರಿಗೆ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ ಇತ್ತು. 2006ರಲ್ಲಿ ಅದು 200 ರೂಪಾಯಿಗೆ ಏರಿತು. 80 ವರ್ಷ ದಾಟಿದವರಿಗೆ 2011ರಲ್ಲಿ 500 ರೂಪಾಯಿ ನಿಗದಿಯಾಯಿತು. ಕರ್ನಾಟಕ ಸರ್ಕಾರವು 2007ರಲ್ಲಿ 65 ವರ್ಷ ಮೀರಿದವರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. 2021ರಲ್ಲಿ ಅದರ ಮೊತ್ತವನ್ನು 1,000ದಿಂದ 1,200 ರೂಪಾಯಿಗೆ ಹೆಚ್ಚಿಸಲಾಯಿತು.

ಈ ಹಣದಿಂದ ಅಕ್ಕಿ ಬರುತ್ತದೆ. ಆದರೆ ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸಲು, ಸ್ನಾನ ಮಾಡಿಸಲು, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಲು, ಬೀದರದ ಆಸ್ಪತ್ರೆಗೆ ಕರೆದೊಯ್ದು ಹಿಂದೆ ಕರೆತರಲು ಒಬ್ಬ ಮನುಷ್ಯ ಬೇಕು. ಇದೇ ಆರೈಕೆ ಸೇವೆ. ಹಣದ ನೆರವು ಮತ್ತು ಆರೈಕೆ ಸೇವೆ ಇವೆರಡೂ ಬೇರೆ ಬೇರೆ ಖಾತೆಗಳು. ಮೊದಲನೆಯದರಲ್ಲಿ ಜಮೆ ತೋರಿಸಿ ಎರಡನೆಯದನ್ನು ಮುಗಿಸಲು ಬರುವುದಿಲ್ಲ.

ಎರಡನೆಯ ಖಾತೆಯ ಹೊಣೆ ಬಹುಮಟ್ಟಿಗೆ ಸ್ಥಳೀಯ ಸಂಸ್ಥೆಯದು. ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ; ಅವುಗಳಲ್ಲಿ 26ನೆಯದು ವಿಕಲಚೇತನರ ಕಲ್ಯಾಣವನ್ನು ಒಳಗೊಂಡ ಸಮಾಜ ಕಲ್ಯಾಣ. ಪಟ್ಟಣಗಳಿಗೆ ಅನ್ವಯಿಸುವ ಹನ್ನೆರಡನೇ ಅನುಸೂಚಿಯಲ್ಲಿಯೂ ದುರ್ಬಲ ವರ್ಗಗಳ ಹಾಗೂ ವಿಕಲಚೇತನರ ಹಿತರಕ್ಷಣೆ ಸೇರಿದೆ. ಅಂದರೆ ಸಂತಪುರದ ಗ್ರಾಮ ಪಂಚಾಯಿತಿಗೂ, ಔರಾದಿನ ಪಟ್ಟಣ ಪಂಚಾಯಿತಿಗೂ, ಭಾಲ್ಕಿಯ ಪುರಸಭೆಗೂ, ಬೀದರ ನಗರಾಡಳಿತಕ್ಕೂ ಈ ಹೊಣೆ ಅನ್ವಯಿಸುತ್ತದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮವು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿಯನ್ನು ರಚಿಸಬೇಕೆಂದು ಹೇಳುತ್ತದೆ. ಚರಂಡಿ, ದೀಪ, ನೀರಿನ ಚರ್ಚೆ ನಡೆಯುವಷ್ಟು ಉತ್ಸಾಹದಿಂದ ಈ ಸಮಿತಿಯ ಸಭೆಗಳು ನಡೆಯುತ್ತವೆಯೇ ಎಂಬುದನ್ನು ಆಯಾ ಊರಿನವರೇ ಪರಿಶೀಲಿಸಿಕೊಳ್ಳಬೇಕು.

ಪ್ರಶ್ನೆಯ ಗಾತ್ರವೂ ಚಿಕ್ಕದಲ್ಲ. 2011ರ ಜನಗಣತಿಯ ಪ್ರಕಾರ ಬೀದರ ಜಿಲ್ಲೆಯ ಜನಸಂಖ್ಯೆ 17,03,300. ಆಗ ರಾಜ್ಯದಲ್ಲಿ 60 ವರ್ಷ ದಾಟಿದವರ ಪ್ರಮಾಣ ಸುಮಾರು ಶೇ. 9.5 ಇತ್ತು. ಅದೇ ಸರಾಸರಿಯನ್ನು ಜಿಲ್ಲೆಗೆ ಹಚ್ಚಿದರೆ ಹಿರಿಯರ ಸಂಖ್ಯೆ 1 ಲಕ್ಷ 60 ಸಾವಿರವನ್ನು ಮೀರುತ್ತದೆ. ರಾಜ್ಯದಲ್ಲಿ ವಿಕಲಚೇತನರೆಂದು ಆ ಗಣತಿಯಲ್ಲಿ ದಾಖಲಾದವರು 13 ಲಕ್ಷ 24 ಸಾವಿರಕ್ಕಿಂತ ಹೆಚ್ಚು. ಆಗ ಕಾನೂನು ಗುರುತಿಸುತ್ತಿದ್ದ ವೈಕಲ್ಯಗಳು 7. 2016ರ ಹಕ್ಕುಗಳ ಅಧಿನಿಯಮದಲ್ಲಿ ಅವು 21 ಆದವು. ಇವರೆಲ್ಲರಿಗೂ ಆರೈಕೆ ಬೇಕಿಲ್ಲ. ಬಹುಪಾಲು ಜನ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆ, ಇತರರನ್ನೂ ಸಾಕುತ್ತಾರೆ. ಆದರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ಪಟ್ಟಿಯೇ ಇಲ್ಲದ ಊರಿನಲ್ಲಿ ಸೇವೆಯ ಮಾತನ್ನು ಎಲ್ಲಿಂದ ಆರಂಭಿಸುವುದು?

ಶೇಕಡಾ ಐದರ ಲೆಕ್ಕ

ಕರ್ನಾಟಕದ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕಾಗಿ ಮೀಸಲಿಡಬೇಕೆಂಬ ನಿಯಮವಿದೆ. ಹಿಂದೆ ಇದು ಶೇ. 3 ಇತ್ತು. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಗೌರವಧನದ ಆಧಾರದ ಮೇಲೆ ಕೆಲಸ ಮಾಡುತ್ತಿದ್ದಾರೆ. ಹಣದ ಒಂದು ಮೂಲ, ಕೆಲಸ ಮಾಡುವ ಒಬ್ಬ ವ್ಯಕ್ತಿ, ಹೊಣೆ ಹೊರುವ ಒಂದು ಸಮಿತಿ ಇಷ್ಟೂ ಕಾಗದದ ಮೇಲೆ ಇವೆ ಎಂಬುದು ಸಮಾಧಾನದ ಸಂಗತಿ. ಬೇರೆ ಅನೇಕ ರಾಜ್ಯಗಳಲ್ಲಿ ಇಷ್ಟೂ ಇಲ್ಲ.

ಆದರೆ ಲೆಕ್ಕಪರಿಶೋಧನೆಯ ದೃಷ್ಟಿಯಿಂದ ನೋಡಿದಾಗ ಕೊರತೆ ಎದ್ದು ಕಾಣುತ್ತದೆ. ಈ ಶೇ. 5ರ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಹಣವನ್ನು ಮೀಸಲಿಟ್ಟಿದ್ದಾರೆಯೇ, ಖರ್ಚಿಗೆ ಓಚರ್ ಇದೆಯೇ? ಎರಡಕ್ಕೂ ಉತ್ತರ ಹೌದು ಎಂದಾದರೆ ಆಕ್ಷೇಪಣೆ ಉಳಿಯುವುದಿಲ್ಲ. ಮಾರ್ಚ್ ತಿಂಗಳಲ್ಲಿ ಅವಸರವಾಗಿ ಕೆಲವು ಸಲಕರಣೆಗಳನ್ನು ಕೊಂಡು, ಸಮಾರಂಭ ಮಾಡಿ ಹಂಚಿದರೂ ಆ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕೇಬಿಡುತ್ತದೆ. ಗಾಲಿಕುರ್ಚಿ ಪಡೆದವನ ಮನೆಯ ಹೊಸ್ತಿಲು ಒಂದೂವರೆ ಅಡಿ ಎತ್ತರವಿದ್ದರೆ ಆ ಕುರ್ಚಿ ಮೂಲೆ ಸೇರುತ್ತದೆ. ಓಚರ್ ಮಾತ್ರ ಸರಿಯಾಗಿರುತ್ತದೆ. ಖರ್ಚಾದ ಹಣದ ಲೆಕ್ಕವಿದೆ, ತಲುಪಿದ ಸೇವೆಯ ಲೆಕ್ಕವಿಲ್ಲ.

ಅಂಗಡಿಯ ವ್ಯವಹಾರದಲ್ಲಿ ಇಂತಹ ಲೆಕ್ಕವನ್ನು ಯಾರೂ ಒಪ್ಪುವುದಿಲ್ಲ. ಇಷ್ಟು ಲಕ್ಷದ ಮಾಲು ಖರೀದಿಸಲಾಗಿದೆ, ಬಿಲ್ಲುಗಳೆಲ್ಲ ಇವೆ ಎಂದು ಗುಮಾಸ್ತ ಹೇಳಿದರೆ ಮಾಲೀಕ ಕೇಳುವ ಮುಂದಿನ ಪ್ರಶ್ನೆ, ಎಷ್ಟು ಮಾರಾಟವಾಯಿತು, ಎಷ್ಟು ಗಿರಾಕಿಗಳು ಬರಿಗೈಯಲ್ಲಿ ಹಿಂತಿರುಗಿದರು ಎಂಬುದೇ. ಪಂಚಾಯಿತಿಯನ್ನೂ ಇದೇ ಪ್ರಶ್ನೆ ಕೇಳಬೇಕಾಗಿದೆ.

ತಖ್ತೆ ಹೇಗಿರಬೇಕು?

ಈ ಪ್ರಶ್ನೆಗೆ ಹೊಸ ಗಣಕ ತಂತ್ರಾಂಶವಾಗಲಿ, ಹೊರಗಿನ ಸಲಹಾ ಸಂಸ್ಥೆಯಾಗಲಿ ಬೇಕಿಲ್ಲ. ಪಂಚಾಯಿತಿಯ ಸಿಬ್ಬಂದಿಗೆ ಬಾಯಿಪಾಠವಾಗಿರುವ ಒಂದು ತಖ್ತೆ ಈಗಾಗಲೇ ಇದೆ. ಮನೆ ತೆರಿಗೆಗೆ ಪ್ರತಿವರ್ಷ ತಯಾರಿಸುವ ಬೇಡಿಕೆ–ವಸೂಲಿ–ಬಾಕಿ ತಖ್ತೆಯೇ ಅದು. ಹಿಂದಿನ ಬಾಕಿ, ಚಾಲ್ತಿ ವರ್ಷದ ಬೇಡಿಕೆ, ಒಟ್ಟು, ವಸೂಲಿ, ಉಳಿದ ಬಾಕಿ ಎಂಬ ಕಲಂಗಳು ಅದರಲ್ಲಿರುತ್ತವೆ. ಯಾವ ಮನೆಯಿಂದ ಎಷ್ಟು ರೂಪಾಯಿ ಬರಬೇಕೆಂಬುದು ಕಾರ್ಯದರ್ಶಿಗೆ ಗೊತ್ತಿರುವಾಗ, ಯಾವ ಮನೆಗೆ ಯಾವ ಸೇವೆ ಹೋಗಬೇಕೆಂಬುದು ಗೊತ್ತಿಲ್ಲದಿರುವುದು ವಿಚಿತ್ರವಲ್ಲವೇ?

ಉದಾಹರಣೆಗೆ ಒಂದು ಪಂಚಾಯಿತಿಯನ್ನು ಕಲ್ಪಿಸಿಕೊಳ್ಳಬಹುದು. ಅಂಕಿಗಳು ಕೇವಲ ವಿವರಣೆಗಾಗಿ. ಮನೆಮನೆಯ ಪರಿಶೀಲನೆಯಿಂದ, ನಿತ್ಯದ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕಾದ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಅಥವಾ ನೋಡಿಕೊಳ್ಳುವವರೂ ಸೋತುಹೋಗಿರುವ 40 ವಯಸ್ಕರ ಪಟ್ಟಿಯಾಯಿತು. ಇದು ಬೇಡಿಕೆ. ಮೊದಲ ವರ್ಷ ಅವರಲ್ಲಿ 9 ಜನರಿಗೆ ವಾರಕ್ಕೆ ಎರಡು ಬಾರಿಯಾದರೂ ಯಾರೋ ಹೋಗಿ ನೆರವಾದರು. ಇದು ಸೇವೆ. ಉಳಿದ 31 ಬಾಕಿ. ಎರಡನೆಯ ವರ್ಷ ಹೊಸದಾಗಿ 10 ಜನ ಸೇರಿದರು. ಒಟ್ಟು ಬೇಡಿಕೆ 41. ಆ ವರ್ಷ 25 ಜನರಿಗೆ ಸೇವೆ ಮುಟ್ಟಿತು. ವರ್ಷಾಂತ್ಯದಲ್ಲಿ ಬಾಕಿ 16 ಇರಬೇಕು. ಆದರೆ ಪಟ್ಟಿಯಲ್ಲಿ ಉಳಿದವರು 10 ಮಾತ್ರ. ವ್ಯತ್ಯಾಸದ 6 ಜನ ಎಲ್ಲಿ ಹೋದರು?

ಸೇವೆ ತಲುಪುವ ಮೊದಲೇ ಅವರು ತೀರಿಕೊಂಡರು.

ತೆರಿಗೆಯ ತಖ್ತೆಯಲ್ಲಿ ಬಾಕಿಯನ್ನು ವಜಾ ಮಾಡಬೇಕಾದರೆ ಕಾರಣ ಬರೆಯಬೇಕು, ಠರಾವು ಆಗಬೇಕು, ಮೇಲಿನವರ ಮಂಜೂರಾತಿ ಬೇಕು. ಆರೈಕೆಯ ಬಾಕಿ ಮಾತ್ರ ಯಾವ ಠರಾವೂ ಇಲ್ಲದೆ ತಾನಾಗಿಯೇ ವಜಾ ಆಗುತ್ತದೆ. ಹೀಗಾಗಿ ಏನೂ ಮಾಡದೆ ಕುಳಿತ ಪಂಚಾಯಿತಿಯ ಪಟ್ಟಿಯೂ ಕೆಲವೇ ವರ್ಷಗಳಲ್ಲಿ ಚೊಕ್ಕಟವಾಗಿ ಕಾಣಿಸುತ್ತದೆ. ಆದುದರಿಂದಲೇ ಈ ತಖ್ತೆಯಲ್ಲಿ ಒಂದು ಹೆಚ್ಚಿನ ಕಲಂ ಕಡ್ಡಾಯವಾಗಿ ಇರಬೇಕು: ಸೇವೆ ದೊರೆಯದೆ ನಿಧನರಾದವರು. ಈ ಕಲಮಿನ ಅಂಕಿಯನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಸಾಕು, ಉಳಿದ ಸುಧಾರಣೆಗೆ ಒತ್ತಡ ತಾನಾಗಿಯೇ ಹುಟ್ಟುತ್ತದೆ. ಹೆಸರುಗಳನ್ನು ಓದುವ ಅಗತ್ಯವಿಲ್ಲ, ಓದಲೂಬಾರದು. ಬಡತನದ, ಕಾಯಿಲೆಯ ವಿವರ ಊರಿನ ಮಾತಿಗೆ ವಸ್ತುವಾಗಬಾರದು. ಹೆಸರುಗಳು ಕಚೇರಿಯ ಕಡತದಲ್ಲಿರಲಿ, ಅಂಕಿ ಸಭೆಯಲ್ಲಿರಲಿ.

ಇದರ ಜೊತೆಗೆ ಇನ್ನೆರಡು ಮಾಪನಗಳು ಸಾಕು. ಮೊದಲನೆಯದು, ಹೆಸರು ಪಟ್ಟಿಗೆ ಸೇರಿದ ದಿನದಿಂದ ಮೊದಲ ಭೇಟಿಯ ದಿನದವರೆಗೆ ಕಳೆದ ದಿನಗಳು. ಪ್ರಮಾಣಪತ್ರ, ಪಡಿತರ ಚೀಟಿಗಳಿಗೆ ಕಾಲಮಿತಿ ಇರಬೇಕೆಂದು ರಾಜ್ಯವು 2011ರಲ್ಲಿ ಸಕಾಲ ಅಧಿನಿಯಮವನ್ನೇ ಮಾಡಿತು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಗೊತ್ತುಪಡಿಸಿತು. ಕಾಗದಕ್ಕೆ ಇರುವ ಕಾಲಮಿತಿ ಮನುಷ್ಯನ ಆರೈಕೆಗೂ ಇರಲಿ. ಎರಡನೆಯದು, ಸೇವೆ ಪಡೆದವರಲ್ಲಿ ಆರು ತಿಂಗಳ ಅನಂತರವೂ ಅದನ್ನು ಪಡೆಯುತ್ತಿರುವವರ ಸಂಖ್ಯೆ. ಉದ್ಘಾಟನೆಯ ದಿನ ಎಲ್ಲ ಸೇವೆಗಳೂ ಚೆನ್ನಾಗಿಯೇ ನಡೆಯುತ್ತವೆ.

ಬಾಕಿ ತೆರಿಗೆ ಮತ್ತು ಬಾಕಿ ಸೇವೆ

ಇಲ್ಲಿ ವ್ಯಾಪಾರಸ್ಥರು ತಮ್ಮ ಕಡೆಗೂ ಕನ್ನಡಿ ಹಿಡಿದುಕೊಳ್ಳಬೇಕಾಗುತ್ತದೆ. ಶೇ. 5 ಎಂಬುದು ಸ್ವಂತ ಸಂಪನ್ಮೂಲದ ಶೇ. 5. ಸ್ವಂತ ಸಂಪನ್ಮೂಲವೆಂದರೆ ಮುಖ್ಯವಾಗಿ ಕಟ್ಟಡ ತೆರಿಗೆ, ಪರವಾನಗಿ ಶುಲ್ಕ, ಮಳಿಗೆಗಳ ಬಾಡಿಗೆ, ಸಂತೆಯ ಶುಲ್ಕ. ಅದೇ ಕಲ್ಪಿತ ಪಂಚಾಯಿತಿಯ ವಾರ್ಷಿಕ ಬೇಡಿಕೆ 20 ಲಕ್ಷ ರೂಪಾಯಿ ಎಂದೂ, ವಸೂಲಿಯಾದದ್ದು 12 ಲಕ್ಷ ಎಂದೂ ಇಟ್ಟುಕೊಂಡರೆ ಮೀಸಲು ನಿಧಿ 60,000 ರೂಪಾಯಿ ಆಗುತ್ತದೆ. ಪೂರ್ಣ ವಸೂಲಿಯಾಗಿದ್ದರೆ ಅದು 1 ಲಕ್ಷ.

ಈ 40,000 ರೂಪಾಯಿಯ ವ್ಯತ್ಯಾಸದ ಬೆಲೆ ಏನು? ಊರಿನ ಸ್ತ್ರೀಶಕ್ತಿ ಅಥವಾ ಸ್ವಸಹಾಯ ಸಂಘದ ಒಬ್ಬ ಮಹಿಳೆಗೆ ತರಬೇತಿ ಕೊಟ್ಟು, ಅರ್ಧ ದಿನದ ಕೆಲಸಕ್ಕೆ ತಿಂಗಳಿಗೆ 6,000 ರೂಪಾಯಿ ಕೊಟ್ಟರೆ ವರ್ಷಕ್ಕೆ 72,000 ಆಗುತ್ತದೆ. ದಿನಕ್ಕೆ 5 ಮನೆಗಳಂತೆ ವಾರದ 6 ದಿನಗಳಲ್ಲಿ 30 ಭೇಟಿಗಳು; ಅಂದರೆ 15 ಜನರಿಗೆ ವಾರಕ್ಕೆ ಎರಡು ಬಾರಿ. ತಲೆಗೆ ತಿಂಗಳಿಗೆ 400 ರೂಪಾಯಿ ಮಾತ್ರ. 60,000 ರೂಪಾಯಿಯಲ್ಲಿ ಈ ಕೆಲಸ ಸಾಧ್ಯವಿಲ್ಲ. 1 ಲಕ್ಷದಲ್ಲಿ ಸಾಧ್ಯ. ಜೊತೆಗೆ ಔಷಧೋಪಚಾರದ ಸಾಮಗ್ರಿ, ಕೈಹಿಡಿಕೆ, ಇಳಿಜಾರು ಮೆಟ್ಟಿಲುಗಳಿಗೆ 28,000 ಉಳಿಯುತ್ತದೆ. ಅಂಗಡಿಯ ಕಟ್ಟಡ ತೆರಿಗೆಯನ್ನು ಮುಂದೂಡಿದ ಪ್ರತಿಯೊಬ್ಬ ಮಾಲೀಕನೂ ಆ ಹದಿನೈದು ಮನೆಗಳ ಬಾಗಿಲನ್ನು ಒಂದಿಷ್ಟು ಮುಚ್ಚಿದಂತೆಯೇ ಸರಿ.

ಪಂಚಾಯಿತಿಯವರು ಕೆಲಸ ಮಾಡುವುದಿಲ್ಲ, ಆದ್ದರಿಂದ ತೆರಿಗೆ ಕಟ್ಟುವುದಿಲ್ಲ ಎಂಬ ವಾದ ಅಂಗಡಿ ಕಟ್ಟೆಗಳ ಮೇಲೆ ಕೇಳಿಬರುತ್ತದೆ. ತೆರಿಗೆ ಬರುವುದಿಲ್ಲ, ಆದ್ದರಿಂದ ಕೆಲಸವಾಗುವುದಿಲ್ಲ ಎಂಬುದು ಪಂಚಾಯಿತಿಯ ಉತ್ತರ. ಈ ಗಂಟನ್ನು ಯಾರಾದರೂ ಒಂದು ಕಡೆಯಿಂದ ಬಿಚ್ಚಲೇಬೇಕು. ಪೂರ್ಣ ತೆರಿಗೆ ಕಟ್ಟಿ, ರಸೀದಿಯನ್ನು ಕೈಯಲ್ಲಿ ಹಿಡಿದು ಗ್ರಾಮಸಭೆಗೆ ಬಂದವರ ಪ್ರಶ್ನೆಗೆ ಇರುವ ತೂಕವೇ ಬೇರೆ.

ವಿಕಲಚೇತನರಲ್ಲದ, ಆದರೆ ವಯಸ್ಸಿನಿಂದ ಅಶಕ್ತರಾದ ಹಿರಿಯರಿಗೆ ಈ ಶೇ. 5ರ ನಿಧಿ ಎಷ್ಟರಮಟ್ಟಿಗೆ ಒದಗೀತು ಎಂಬ ತೊಡಕೂ ಇದೆ. ಕಣ್ಣು, ಕಿವಿ, ಕಾಲುಗಳ ಶಕ್ತಿಯನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಕಳೆದುಕೊಂಡ ಅನೇಕ ವೃದ್ಧರು ಕಾನೂನಿನ ಪ್ರಕಾರ ವಿಕಲಚೇತನರೇ ಆಗಿರುತ್ತಾರೆ. ಆದರೆ ಪ್ರಮಾಣಪತ್ರಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಅಲೆಯುವ ಶಕ್ತಿ ಅವರಲ್ಲಿಲ್ಲ. ಹೋಬಳಿ ಮಟ್ಟದಲ್ಲಿ ವರ್ಷಕ್ಕೆ ಎರಡು ಬಾರಿ ತಪಾಸಣಾ ಶಿಬಿರ ನಡೆಸಿದರೆ ಈ ತೊಡಕಿನ ದೊಡ್ಡ ಪಾಲು ನಿವಾರಣೆಯಾಗುತ್ತದೆ. ಉಳಿದವರಿಗಾಗಿ ಪಂಚಾಯಿತಿಯು ತನ್ನ ಸಾಮಾನ್ಯ ನಿಧಿಯಿಂದ ಪ್ರತ್ಯೇಕ ಶೀರ್ಷಿಕೆಯಡಿ ಸಣ್ಣ ಮೊತ್ತವನ್ನಾದರೂ ಆಯವ್ಯಯದಲ್ಲಿ ತೋರಿಸುವುದು ಅವಶ್ಯಕ. ಶೀರ್ಷಿಕೆ ಇಲ್ಲದ ಖರ್ಚಿಗೆ ಯಾರೂ ಹಣ ಹುಡುಕುವುದಿಲ್ಲ.

ಬೇರೆಡೆಯ ಅನುಭವ

ಸ್ಥಳೀಯ ಸಂಸ್ಥೆಯಿಂದ ಇಂತಹ ಕೆಲಸ ಸಾಧ್ಯವೇ ಎಂದು ಸಂದೇಹಿಸುವವರು ನೆರೆಯ ಕೇರಳವನ್ನು ನೋಡಬಹುದು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಸ್ವಯಂಸೇವಕರು ಮತ್ತು ವೈದ್ಯರು ಸೇರಿ ಆರಂಭಿಸಿದ ಉಪಶಾಮಕ ಆರೈಕೆಯ ಕೆಲಸವು ಊರೂರಿಗೆ ಹರಡಿ, 2008ರಲ್ಲಿ ಸರ್ಕಾರದ ನೀತಿಯಾಯಿತು. ಹಾಸಿಗೆ ಹಿಡಿದವರ ಮನೆಗೆ ದಾದಿಯನ್ನು ಕಳುಹಿಸುವುದು ಅಲ್ಲಿ ಪಂಚಾಯಿತಿಯ ಕೆಲಸಗಳಲ್ಲೊಂದು. ಕನ್ನಡಿಗರು ಹೆಚ್ಚಾಗಿರುವ ಕಾಸರಗೋಡಿನ ಗಡಿ ಪಂಚಾಯಿತಿಗಳಲ್ಲಿ, ಗೇರು ತೋಟಗಳ ಮೇಲೆ 2000ದ ವರೆಗೂ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಿದ ದುಷ್ಪರಿಣಾಮಕ್ಕೆ ತುತ್ತಾದವರಿಗಾಗಿ ಸ್ಥಳೀಯ ಸಂಸ್ಥೆಗಳು ಬಡ್ಸ್ ಶಾಲೆಗಳನ್ನು ನಡೆಸುತ್ತಿವೆ. ಬೌದ್ಧಿಕ ವೈಕಲ್ಯವುಳ್ಳವರು ಹಗಲು ಅಲ್ಲಿ ಕಳೆಯುತ್ತಾರೆ. ಮನೆಯವರು ಅಷ್ಟು ಹೊತ್ತು ಕೂಲಿಗೆ ಹೋಗಬಹುದು. ಆರೈಕೆಯ ಒಂದು ದಿನ ಮನೆಯ ಒಂದು ದಿನದ ದುಡಿಮೆಯನ್ನು ಉಳಿಸಿಕೊಡುತ್ತದೆ ಎಂಬುದು ವ್ಯಾಪಾರಸ್ಥರು ಸುಲಭವಾಗಿ ಗ್ರಹಿಸಬಹುದಾದ ಲೆಕ್ಕ.

ಜಪಾನಿನಲ್ಲಿ 2000ದ ಏಪ್ರಿಲ್‌ನಿಂದ ದೀರ್ಘಕಾಲದ ಆರೈಕೆಗೆ ಕಡ್ಡಾಯ ವಿಮೆ ಜಾರಿಯಲ್ಲಿದೆ. 40 ವರ್ಷ ತುಂಬಿದವರೆಲ್ಲರೂ ಕಂತು ಕಟ್ಟುತ್ತಾರೆ. ವಿಮೆಯನ್ನು ನಿರ್ವಹಿಸುವವರು ಆಯಾ ಊರಿನ ಪೌರ ಸಂಸ್ಥೆಗಳು. ಇಂಗ್ಲೆಂಡಿನಲ್ಲಿ 2014ರ ಆರೈಕೆ ಕಾಯಿದೆಯ ಪ್ರಕಾರ ನೆರವು ಬೇಕಾಗಬಹುದೆಂದು ಕಂಡ ಯಾವುದೇ ವಯಸ್ಕರ ಅಗತ್ಯವನ್ನು ಅಳೆಯುವುದು ಸ್ಥಳೀಯ ಕೌನ್ಸಿಲ್‌ನ ಕರ್ತವ್ಯ. ಆ ಕರ್ತವ್ಯವನ್ನು ಅವು ಹೇಗೆ ನಿರ್ವಹಿಸುತ್ತಿವೆ ಎಂದು 2023ರಿಂದ ಸ್ವತಂತ್ರ ಆಯೋಗವೊಂದು ಪರಿಶೀಲಿಸಿ, ವರದಿಯನ್ನು ಬಹಿರಂಗಪಡಿಸುತ್ತಿದೆ. ಆ ಶ್ರೀಮಂತ ದೇಶದ ಕೌನ್ಸಿಲ್‌ಗಳಲ್ಲಿಯೂ ಕಾಯುವವರ ಸಾಲು ಉದ್ದವಾಗಿಯೇ ಇದೆ. ಆದರೆ ಸಾಲು ಎಷ್ಟು ಉದ್ದವಿದೆ ಎಂಬುದು ಅಲ್ಲಿ ಗೊತ್ತಿದೆ. ಅನುಕರಿಸಬೇಕಾದದ್ದು ಅವರ ಖರ್ಚನ್ನಲ್ಲ, ಈ ಲೆಕ್ಕದ ಅಭ್ಯಾಸವನ್ನು.

ಇಂತಹ ಅಭ್ಯಾಸಕ್ಕೆ ಬೀದರ ಜಿಲ್ಲೆ ಹೊಸದೇನಲ್ಲ. ಬೀದರ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಸ್ವಸಹಾಯ ಸಂಘಗಳಿಗೆ ಸಾಲ ಕೊಡುವುದರಲ್ಲಿ ದೇಶದ ಗಮನ ಸೆಳೆದ ಬ್ಯಾಂಕು. ಹಳ್ಳಿಯ ಹೆಣ್ಣುಮಕ್ಕಳು ವಾರದ ಸಭೆ, ಹಾಜರಿ, ಉಳಿತಾಯ, ಮರುಪಾವತಿಯ ಪುಸ್ತಕಗಳನ್ನು ತಾವೇ ಇಡಲು ಕಲಿತರು. ಪಾಪಡ, ಉಪ್ಪಿನಕಾಯಿ ತಯಾರಿಸಿ ಮಾರುಕಟ್ಟೆಗಾಗಿ ಹೆಣಗುವ ಸಂಘಗಳಿಗೆ ಆರೈಕೆ ಸೇವೆಯೂ ಒಂದು ಉದ್ಯೋಗವಾಗಬಲ್ಲದು. ರಾಜ್ಯವು 2023-24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ಘೋಷಿಸಿತು. ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ವ್ಯವಸ್ಥೆ ಪಂಚಾಯಿತಿಯಿಂದ ಸಾಧ್ಯವೆಂದಾದರೆ, ಹಿರಿಯರಿಗಾಗಿ ಹಗಲಿನ ಒಂದು ಕೋಣೆ ಅಸಾಧ್ಯವೇನಲ್ಲ.

ಕಟ್ಟಡದ ಮಾತು ಬಂದಾಗ ಎಚ್ಚರಿಕೆ ಅಗತ್ಯ. ಈ ಭಾಗಕ್ಕೆ 371(ಜೆ) ವಿಧಿಯ ಬಲವಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದಲ್ಲಿಯೇ ಇದ್ದವು. ಆ ಕೊರತೆಯನ್ನು ತುಂಬಲು ಕಟ್ಟಡಗಳೂ ಬೇಕು. ಆದರೆ ಕಟ್ಟಡಕ್ಕೆ ಹಣ ಸಿಗುವಷ್ಟು ಸುಲಭವಾಗಿ ಅದರೊಳಗೆ ಕೆಲಸ ಮಾಡುವವರ ಸಂಬಳಕ್ಕೆ ಸಿಗುವುದಿಲ್ಲ. ಬೀಗ ಹಾಕಿದ ಭವನಕ್ಕಿಂತ, ಮರದ ಕೆಳಗೆ ನಿತ್ಯ ನಡೆಯುವ ಸೇವೆ ಮೇಲು.

ಮಕ್ಕಳಿರುವಾಗ ಪಂಚಾಯಿತಿ ಏಕೆ?

ತಂದೆತಾಯಿಯನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಅದನ್ನು ಪಂಚಾಯಿತಿಯ ತಲೆಗೆ ಕಟ್ಟುವುದು ಸಂಸ್ಕೃತಿಗೆ ಒಪ್ಪುವ ಮಾತಲ್ಲ ಎಂಬುದು ಎಲ್ಲರೂ ಎತ್ತುವ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಕಾನೂನೂ ಅದನ್ನೇ ಹೇಳುತ್ತದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮದ ಪ್ರಕಾರ ಉಪವಿಭಾಗ ಮಟ್ಟದ ನ್ಯಾಯಮಂಡಳಿಯು ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ನೋಟೀಸು ಜಾರಿಯಾದ 90 ದಿನಗಳಲ್ಲಿ ಅರ್ಜಿ ತೀರ್ಮಾನವಾಗಬೇಕು. ಹಿರಿಯರನ್ನು ತೊರೆದುಬಿಡುವುದು ಶಿಕ್ಷಾರ್ಹ ಅಪರಾಧ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಕಾಗುವ ವೃದ್ಧಾಶ್ರಮದ ಪ್ರಸ್ತಾಪವೂ ಅದೇ ಕಾಯಿದೆಯಲ್ಲಿದೆ.

ಅಂಗಡಿ, ಗೋದಾಮು, ಹೊಲಗಳನ್ನು ಮಕ್ಕಳ ಹೆಸರಿಗೆ ಮಾಡಿಕೊಡುವ ವ್ಯಾಪಾರಸ್ಥರು ಈ ಕಾಯಿದೆಯ 23ನೇ ಕಲಮನ್ನು ತಿಳಿದಿರಬೇಕು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ಹಿಂಪಡೆಯಲು ಅದು ಅವಕಾಶ ಕೊಡುತ್ತದೆ. ಆದರೆ ಅಂತಹ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಹಿರಿಯರ ಪರವಾಗಿ ಉದಾರವಾದ ವ್ಯಾಖ್ಯಾನ ದೊರೆತಿದೆಯಾದರೂ, ದಾನಪತ್ರದಲ್ಲಿ ಷರತ್ತನ್ನು ಸ್ಪಷ್ಟವಾಗಿ ಬರೆಸುವುದೇ ಜಾಣತನ. ಮಗನ ಮೇಲಿನ ವಿಶ್ವಾಸಕ್ಕೂ ಪತ್ರದ ಒಕ್ಕಣೆಗೂ ವೈರವಿಲ್ಲ.

ಆದರೆ ಜೀವನಾಂಶದ ಆದೇಶದಿಂದ ನೀರು ಕಾಯಿಸಿ ಕೊಡುವ ಕೈ ಬರುವುದಿಲ್ಲ. ಪುಣೆಯಲ್ಲಿ ಇಟ್ಟಿಗೆ ಹೊರುವ ಮಗ ತಾಯಿಯನ್ನು ತೊರೆದವನಲ್ಲ; ಆಕೆಗೆ ಹಣ ಕಳುಹಿಸುವುದಕ್ಕಾಗಿಯೇ ಊರು ಬಿಟ್ಟವನು. ಅವನು ಬರುವವರೆಗೆ ಆಕೆಯನ್ನು ನೋಡಿಕೊಳ್ಳುವ ವ್ಯವಸ್ಥೆ ಊರಿನಲ್ಲಿದ್ದರೆ ಕುಟುಂಬ ಉಳಿಯುತ್ತದೆ, ಒಡೆಯುವುದಿಲ್ಲ. ಇನ್ನು ಮಕ್ಕಳಿಲ್ಲದವರ, ಮಕ್ಕಳೇ ವಿಕಲಚೇತನರಾಗಿರುವವರ ಪಾಡಿಗೆ ಯಾವ ಧರ್ಮಬೋಧೆಯೂ ಉತ್ತರವಾಗದು. ನಲವತ್ತು ವರ್ಷದ ಬುದ್ಧಿಮಾಂದ್ಯ ಮಗನನ್ನು ಎಪ್ಪತ್ತರ ತಾಯಿ ಸಾಕುತ್ತಿರುವ ಮನೆಗಳಲ್ಲಿ ತಾಯಿಗಿರುವ ಭಯ ಒಂದೇ: ತನ್ನ ಅನಂತರ ಯಾರು? ಅದಕ್ಕೆ ಸಂಬಂಧಿಕರಿಗಿಂತ ಮೊದಲು ಊರು ಉತ್ತರ ಕೊಡಬೇಕು.

ವಾಣಿಜ್ಯ ಸಮುದಾಯದ ಪಾಲು

ಈ ದಿಸೆಯಲ್ಲಿ ವ್ಯಾಪಾರಸ್ಥರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಕೈಗೊಳ್ಳಬಹುದಾದ ಕ್ರಮಗಳು ದುಬಾರಿಯಲ್ಲ. ಮೊದಲನೆಯದಾಗಿ, ಸದಸ್ಯರು ತಮ್ಮ ಸ್ಥಳೀಯ ತೆರಿಗೆಯ ಹಿಂದಿನ ಬಾಕಿಯನ್ನು ತೀರಿಸಿ, ಅದರ ಶೇ. 5ರ ವಿನಿಯೋಗದ ವಿವರವನ್ನು ಲಿಖಿತವಾಗಿ ಕೇಳಬೇಕು. ಎರಡನೆಯದಾಗಿ, ಪ್ರತಿ ಹೋಬಳಿ ಕೇಂದ್ರದ ವರ್ತಕರು ತಮ್ಮಲ್ಲೊಬ್ಬರನ್ನು ಗ್ರಾಮಸಭೆಗೆ ಕಡ್ಡಾಯವಾಗಿ ಕಳುಹಿಸಿ, ಆರೈಕೆಯ ತಖ್ತೆಯನ್ನು ಓದಿಸಬೇಕು. ಮೂರನೆಯದಾಗಿ, ತಖ್ತೆ ತಯಾರಿಕೆಗೆ ಬೇಕಾದ ಲೆಕ್ಕದ ನೆರವನ್ನು ವರ್ಷಕ್ಕೆ ಎರಡು ದಿನ ಉಚಿತವಾಗಿ ಕೊಡಲು ಜಿಲ್ಲೆಯ ಲೆಕ್ಕಪರಿಶೋಧಕರೂ ತೆರಿಗೆ ಸಲಹೆಗಾರರೂ ಮುಂದೆ ಬರಬೇಕು.

ನಾಲ್ಕನೆಯದು ದೇಣಿಗೆಯ ವಿಷಯ. 2013ರ ಕಂಪನಿ ಅಧಿನಿಯಮದ 135ನೇ ಕಲಮಿನಂತೆ ಶೇ. 2ರಷ್ಟು ಲಾಭವನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕಾದವರು 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭವುಳ್ಳ ಕಂಪನಿಗಳು ಮಾತ್ರ. ಈ ಭಾಗದ ದಾಲ್ ಮಿಲ್ಲುಗಳೂ ಕಿರಾಣಿ ವರ್ತಕರೂ ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಆದರೆ ಅನುಸೂಚಿ 7ರಲ್ಲಿ ವೃದ್ಧಾಶ್ರಮ, ಹಗಲು ಆರೈಕೆ ಕೇಂದ್ರಗಳೆಂದು ಸ್ಪಷ್ಟವಾಗಿ ಬರೆದಿರುವುದರಿಂದ, ಬೀದರದಲ್ಲಿ ವ್ಯವಹಾರ ನಡೆಸುವ ದೊಡ್ಡ ಕಂಪನಿಗಳ ಮುಂದೆ ವಾಣಿಜ್ಯ ಮಂಡಳಿಯು ಸಿದ್ಧ ಯೋಜನೆಯೊಂದನ್ನು ಇಡಬಹುದು. ಅಂಕಿಅಂಶವಿಲ್ಲದ ಮನವಿಗೆ ಯಾವ ಕಂಪನಿಯೂ ಹಣ ಕೊಡುವುದಿಲ್ಲ. ಆ ತಖ್ತೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಐದನೆಯದು ಹಣವಿಲ್ಲದೆಯೇ ಆಗುವ ಕೆಲಸ. ಉದ್ದರಿ ಪುಸ್ತಕದಲ್ಲಿ ಹೆಸರಿರುವ ವೃದ್ಧರು ಒಂದು ತಿಂಗಳು ಕಾಣಿಸದಿದ್ದರೆ, ಪುನರ್ವಸತಿ ಕಾರ್ಯಕರ್ತರಿಗೋ ಆಶಾ ಕಾರ್ಯಕರ್ತೆಗೋ ಒಂದು ದೂರವಾಣಿ ಕರೆ ಮಾಡುವುದು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಸಂಖ್ಯೆಯನ್ನು ಅಂಗಡಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸುವುದು. ಮುಂಬಾಗಿಲಲ್ಲಿ ಒಂದು ಇಳಿಜಾರು, ಒಳಗೆ ಒಂದು ಕುರ್ಚಿ ಇಡುವುದು.

ಕಾಯಕ ಮತ್ತು ದಾಸೋಹಗಳ ಮಾತನ್ನು ಬಸವಕಲ್ಯಾಣದ ಈ ಜಿಲ್ಲೆಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ದಾಸೋಹಕ್ಕೂ ಲೆಕ್ಕ ಬೇಕು ಎಂಬುದಷ್ಟೇ ಇಲ್ಲಿಯ ವಾದ. ಸಂತಪುರದಂತಹ ಒಂದು ಪಂಚಾಯಿತಿ ಮುಂದಿನ ಗ್ರಾಮಸಭೆಯಲ್ಲಿ ಆ ಆರು ಕಲಂಗಳ ತಖ್ತೆಯನ್ನು ಓದಿದರೆ, ಕೊನೆಯ ಕಲಮಿನ ಅಂಕಿ ಎಷ್ಟೇ ಇರಲಿ, ಅದು ಜಿಲ್ಲೆಗೆ ಮೇಲ್ಪಂಕ್ತಿಯಾಗುತ್ತದೆ. ಅದರ ಮುಂದಿನ ವರ್ಷ ಆ ಅಂಕಿ ಒಂದಾದರೂ ಕಡಿಮೆಯಾದರೆ, ಆ ಊರಿನ ವ್ಯಾಪಾರಸ್ಥರು ಕಟ್ಟಿದ ತೆರಿಗೆಗೆ ರಸೀದಿ ಸಿಕ್ಕಂತೆ.